ಮೀನ್ಗಣ್ಣು

ಬಾ ಕ್ವಾಜೋ, ಮೊದಲು ಬಾಗಿಲು ಹಾಕು.
ಹೊರಗೆ ಕಿಯಾಂಪೊ ಹೊಳೆಯ ಮಂಜು,
ಒಳಗೆ ಬಂದರೆ ಅದು ಕೂರುವುದು ಒದ್ದೆ ಬಣ್ಣದ ಮೇಲೇ.
ಜಾಕೆಟ್ಟು ಆ ಮೊಳೆಗೆ, ಉಣ್ಣೆಯ ಟೋಪಿಯೂ ಅಲ್ಲೇ.
ಒಂದೆಳೆ ಸಾಕು,
ನಾಳೆ ಯಾರದೋ ಕಾರಿನ ಸೀಟಿನಲ್ಲಿ
ಹುಳುವಿನ ಹಾಗೆ ಮಲಗಿರುತ್ತದೆ
ಪಾಲಿಶ್ ಹೊದ್ದುಕೊಂಡು.

ಇದು ತೊಗಲು. ಮುಟ್ಟು.
ಇಲ್ಲಿ ಉಣ್ಣೆ ಕಚ್ಚಿದೆ, ಇಲ್ಲಿ ಮುಳ್ಳುತಂತಿ ಗೀರಿದೆ.
ಬವೇರಿಯಾದ ಹೋರಿ ಇರಬೇಕು,
ಬೇಲಿಯಾಚೆ ಏನೋ ಕಂಡಿತ್ತು ಅದಕ್ಕೆ.
ಇವು ನಮ್ಮ ತಪ್ಪಲ್ಲ.
ಬೆಳ್ಳಿ ಪೆನ್ಸಿಲಿನಲ್ಲಿ ಸುತ್ತು ಹಾಕಿ ಬಿಡುತ್ತೇವೆ,
ಕತ್ತರಿಸುವವರು ಬಳಸಿಕೊಂಡು ಹೋಗುತ್ತಾರೆ
ಹೊಂಡ ಕಂಡ ಗಾಡಿಯವರ ಹಾಗೆ.
ಕೊಳ್ಳುವವನಿಗೆ ಕಲೆಯಿಲ್ಲದ ಮೈ ಬೇಕು,
ಅದಕ್ಕೆ ಕಲೆಯಿರುವ ಕೈ ಬೇಕು.

ನಮ್ಮ ತಪ್ಪು ಹುಟ್ಟುವುದು ಹದದಲ್ಲಿ.
ಈ ಬಟ್ಟಲು ನೋಡು, ತಳದಲ್ಲೊಂದು ತೂತು.
ಬಣ್ಣ ತುಂಬು, ಬೆರಳು ತೆಗೆ, ಎಣಿಸು.
ಇಪ್ಪತ್ತೆರಡಕ್ಕೆ ಧಾರೆ ಕಡಿಯಬೇಕು.
ಹದಿನೆಂಟಾದರೆ ತೆಳು, ಅಂಚಿಗೆ ಓಡುತ್ತದೆ;
ಮೂವತ್ತಾದರೆ ಮಂದ,
ಕಿತ್ತಳೆ ಸಿಪ್ಪೆಯಂತೆ ಏಳುತ್ತದೆ ಮೈ.
ಗೋಡೆಯಲ್ಲಿ ಗಡಿಯಾರ ಇದೆ, ಆದರೂ ಬಾಯಲ್ಲೇ ಎಣಿಸು.
ನಾನು ಈ ಕಣಿವೆಯ ಮಾತಲ್ಲಿ ಎಣಿಸುತ್ತೇನೆ,
ನೀನು ಟ್ವಿಯಲ್ಲಿ ಎಣಿಸು.
ಬಣ್ಣಕ್ಕೆ ಎರಡೂ ಗೊತ್ತಿಲ್ಲ.

ಸೋಸಲು ಹೆಂಗಸರ ಹಳೇ ಕಾಲುಚೀಲ. ನಗಬೇಡ.
ಕಂಪನಿಯ ಜರಡಿ ಬರುವ ಮೊದಲು
ನನಗೆ ಕಲಿಸಿದ ಎರ್ಸಿಲಿಯಾ ಇದರಲ್ಲೇ ಸೋಸುತ್ತಿದ್ದಳು.
ಮದುವೆಮನೆಗೆ ಬರಿಗಾಲಲ್ಲಿ ಹೋಗುತ್ತಿದ್ದಳು, ಪುಣ್ಯಾತ್ಗಿತ್ತಿ.

ಇನ್ನು ಕೇಳು, ಇದು ಯಾವ ಪಟ್ಟಿಯಲ್ಲೂ ಇಲ್ಲ.
ಹನ್ನೊಂದು ವರ್ಷದ ಹಿಂದೆ, ಫೆಬ್ರವರಿ.
ಬೂದು ತೊಗಲಿನ ಮೇಲೆ ಮೀನ್ಗಣ್ಣು ಬಿತ್ತು.
ಸಾಸಿವೆಯಷ್ಟು, ಗುಂಡಗೆ;
ಬಣ್ಣ ಹೇಸಿಕೊಂಡಂತೆ ಹಿಂದೆ ಸರಿದು
ನಡುವೆ ಒಂದು ಬೆತ್ತಲೆ ಚುಕ್ಕಿ.
ಒಂದಲ್ಲ, ನೂರಾರು.
ಓರೆ ದೀಪ ಹಿಡಿದರೆ
ಸಂತೆಯ ಬುಟ್ಟಿಯಷ್ಟೂ ಮೀನು ನಿನ್ನನ್ನೇ ನೋಡಿದಂತೆ.

ಗಾಳಿಯಲ್ಲಿ ಎಣ್ಣೆ ಅಂದರು, ಕಂಪ್ರೆಸರ್ ಬಿಚ್ಚಿದೆವು.
ನೀರು ಅಂದರು, ಫಿಲ್ಟರ್ ಬದಲಿಸಿದೆವು.
ಹನ್ನೆರಡು ಸ್ಪ್ರೇ ಗನ್ನನ್ನೂ
ಮಗುವಿನ ಕಿವಿ ತೊಳೆದಂತೆ ತೊಳೆದೆವು.
ಬಣ್ಣ ಮಾರಿದವನನ್ನು ವಿಚೆಂಜಾದಿಂದ ಕರೆಸಿ ಬೈದೆವು,
ಪಾಪ, ಊಟ ಮಾಡದೆ ಹೋದ.
ಸೆರ್ಬಿಯಾದ ಮಿಲೋವಾನ್ ತಲೆಗೆ ಜೆಲ್ ಹಚ್ಚುತ್ತಾನೆಂದು
ಎಲ್ಲರ ಕಣ್ಣು ಅವನ ಮೇಲೆ, ಎಲ್ಲರಿಗಿಂತ ಮೊದಲು ನನ್ನದು.
ಸೋಮವಾರ ತಲೆ ಬೋಳಿಸಿಕೊಂಡು ಬಂದ
ಆ ಚಳಿಯಲ್ಲಿ.
ಮೀನುಗಳು ಕಣ್ಣು ಮುಚ್ಚಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ನನಗೆ ಬೇಕಾಯಿತು.
ಕೈ ಬಿರುಕು ಬಿಟ್ಟಿತ್ತು ಆ ವರ್ಷ,
ಮಗಳು ಲೊರೆದಾನಾ ಕೊಟ್ಟಿದ್ದಳು ಒಂದು ಕ್ರೀಮು,
ಬಾದಾಮಿಯ ವಾಸನೆ.
ಬೆಳಗಾದರೆ ಹಚ್ಚಿಕೊಂಡು
ಒಂದೊಂದು ತೊಗಲನ್ನೂ ಇದೇ ಅಂಗೈಯಲ್ಲಿ ಸವರಿ
ದೋಷ ಇದೆಯೇ ಅಂತ ನೋಡಿ
ಒಳಗೆ ಕಳಿಸುತ್ತಿದ್ದೆ.
ಡಬ್ಬಿಯ ಬೆನ್ನ ಮೇಲೆ ಇರುವೆ ಗಾತ್ರದ ಅಕ್ಷರ:
ಸಿಲಿಕೋನ್.

ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.
ಕ್ರೀಮು ಬಿಟ್ಟೆ, ಬಾಯಿ ಬಿಡಲಿಲ್ಲ.
ಅಷ್ಟರಲ್ಲಿ ಅವರು ಮಿಲೋವಾನನನ್ನು
ಕೆಳಗೆ, ಸುಣ್ಣದ ಡ್ರಮ್ಮುಗಳ ಕಡೆ ಕಳಿಸಿದ್ದರು.
ವಾಪಸು ಕರೆಸಿದೆ. ಒಂದು ಟೋಪಿ ಹೆಣೆದು ಕೊಟ್ಟೆ.
ನಿನ್ನದು ತೂಗುತ್ತಿರುವ ಆ ಮೊಳೆ
ಅವನೇ ಹೊಡೆದದ್ದು, ಅದಕ್ಕಾಗಿ.
ಎರಡು ದಿನದ ಮಾತು ಮಾತ್ರ
ಅವನಿಗೂ ಹೇಳಿಲ್ಲ, ನಿನಗೇ ಮೊದಲು.

ಯಾಕೆ ಅಂದರೆ, ನೀನು ಕೈ ತೋರಿಸು.
ನೋಡು, ಒಡೆದಿದೆ.
ಒಡೆಯಲಿ. ಹತ್ತಿಯ ಗ್ಲೌಸು ಹಾಕು,
ಹಚ್ಚುವುದೆಲ್ಲ ಶನಿವಾರ, ಮನೆಯಲ್ಲಿ.
ಮುಂದೆ ಎಂದಾದರೂ ಮೀನ್ಗಣ್ಣು ಬಿದ್ದರೆ
ಪಕ್ಕದವನ ತಲೆ ನೋಡುವ ಮೊದಲು…
ಹೋಗಲಿ, ಬೆಲ್ಟು ಶುರುವಾಯಿತು.

ಬಟ್ಟಲು ತುಂಬಿದೆ.
ಬೆರಳು ತೆಗೆ.